‘ಕೇಳಸ್ತೈತೇನ್ರಿ?’ ಎಂದರೆ ‘ಇಲ್ರಿ’ ಎಂದವರು

ನಿವೃತ್ತಿಗೆ ಎರಡು ವರ್ಷ ಬಾಕಿಯಿದ್ದಾಗ ನನ್ನನ್ನು ಕುಂದಗೋಳ ತಾಲ್ಲೂಕಿಗೆ ಹಾಕಿದರು. ನಾನು ಆಡಿಯಾಲಜಿಸ್ಟ್, ಅಂದರೆ ಕಿವಿ ಎಷ್ಟು ಕೇಳುತ್ತದೆ ಎಂದು ಅಳೆಯುವವನು. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಬಾಡಿಗೆಯ ಒಂದು ಕೋಣೆಯಲ್ಲಿ ನಾನೇ ಅನ್ನ ಬೇಯಿಸಿಕೊಂಡು ಉಣ್ಣುತ್ತಿದ್ದೆ. ದಿನವಿಡೀ ಜನರ ಕಿವಿ ನೋಡಿದವನಿಗೆ ಸಂಜೆ ಮಾತಾಡಲು ಯಾರೂ ಇರುತ್ತಿರಲಿಲ್ಲ.

ಆ ಚಳಿಗಾಲದಲ್ಲಿ ಸಂಶಿಯ ಶಾಲೆಯೊಂದರಲ್ಲಿ ಅಂಗವಿಕಲರ ಪ್ರಮಾಣಪತ್ರಕ್ಕಾಗಿ ಎರಡು ದಿನದ ಶಿಬಿರ ನಡೆಯಿತು. ಎದುರು ಕೂತವರಿಗೆಲ್ಲ ನನ್ನ ಮೊದಲ ಪ್ರಶ್ನೆ ಒಂದೇ: ‘ಕೇಳಸ್ತೈತೇನ್ರಿ?’ ಮೂವತ್ತು ವರ್ಷದ ರೂಢಿ ಅದು. ಆ ಪ್ರಶ್ನೆಯ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು. ತಾನು ಕೇಳಿಸಿತೇ ಎಂದು ತನ್ನ ಬಗ್ಗೆ ತಾನೇ ವಿಚಾರಿಸಿಕೊಳ್ಳುವ ಪ್ರಶ್ನೆ ಅದು. ಕೇಳಿಸಿದವರು ಹೌದು ಎನ್ನಬೇಕು, ಕೇಳಿಸದವರು ಸುಮ್ಮನಿರಬೇಕು. ‘ಇಲ್ಲ’ ಎಂದವರು ತಾವಾಗಿಯೇ ಸಿಕ್ಕಿಬಿದ್ದಂತೆ. ಕಿವಿಗೆ ಬೀಳದ ಪ್ರಶ್ನೆಗೆ ಉತ್ತರ ಕೊಡುವುದಾದರೂ ಹೇಗೆ? ಸೋಗು ಹಾಕಿಕೊಂಡು ಬಂದ ಎಷ್ಟೋ ಜನರನ್ನು ನಾನು ಹೀಗೆ ಹಿಡಿದಿದ್ದೆ.

ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ಕುಬಿಹಾಳದ ನೀಲವ್ವ ಬಂದರು. ನಲವತ್ತರ ಆಸುಪಾಸಿನ ಹೆಂಗಸು, ಜೊತೆಗೆ ಯಾರೂ ಇರಲಿಲ್ಲ. ಊರಿನ ಅಂಗನವಾಡಿ ಕಾರ್ಯಕರ್ತೆ ಬರೆದ ಚೀಟಿಯನ್ನು ಮೇಜಿನ ಮೇಲಿಟ್ಟರು. ನೀಲವ್ವ ಗೋದಾಮಿನಲ್ಲಿ ಒಣಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ ಮಾಡುತ್ತಾರೆ, ಹಿಂದಕ್ಕೆ ಬರುತ್ತಿದ್ದ ಲಾರಿಯ ಹಾರ್ನ್ ಕೇಳದೆ ಕೂದಲೆಳೆಯಲ್ಲಿ ಪಾರಾಗಿದ್ದಾರೆ, ಕಿವಿಗೆ ಮಷಿನ್ ಹಾಕಿಕೊಂಡರಷ್ಟೇ ಕೆಲಸ ಎಂದು ಮಾಲೀಕ ಹೇಳಿದ್ದಾನೆ ಎಂದು ಅದರಲ್ಲಿತ್ತು. ಪ್ರಮಾಣಪತ್ರವಿದ್ದರೆ ಮಷಿನ್ ಪುಕ್ಕಟೆ ಸಿಗುತ್ತಿತ್ತು.

‘ಕೇಳಸ್ತೈತೇನ್ರಿ?’ ಎಂದೆ.

‘ಇಲ್ರಿ,’ ಎಂದರು.

ಪಕ್ಕದಲ್ಲಿದ್ದ ನಮ್ಮ ಆಸ್ಪತ್ರೆಯ ನರ್ಸ್ ಶಾಂತಾ ನಕ್ಕುಬಿಟ್ಟರು. ‘ಸಿಕ್ಕಬಿದ್ದಿ ಬಿಡಬೇ!’ ಸಾಲಿನಲ್ಲಿದ್ದವರೂ ನಕ್ಕರು, ನಾನೂ ನಕ್ಕೆ. ಹೆಡ್‌ಫೋನ್ ಹಾಕಿ ಪರೀಕ್ಷಿಸುವ ಗೋಜಿಗೂ ಹೋಗಲಿಲ್ಲ. ಫಾರ್ಮಿನಲ್ಲಿ ‘ಉತ್ತರ ನಂಬಲರ್ಹವಲ್ಲ’ ಎಂದು ಬರೆದು ಮುಂದಿನವರನ್ನು ಕರೆದೆ. ಆಕೆ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು. ಚೀಟಿಯನ್ನು ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡು ಹೊರಟುಹೋದರು.

ಅರ್ಧ ಗಂಟೆ ಕಳೆದಿರಬೇಕು, ಕರೆಂಟ್ ಹೋಗಿ ಕಿಟಕಿಯ ಕೆಳಗೇ ಜನರೇಟರ್ ಗುಡುಗತೊಡಗಿತು. ಬಾಗಿಲಲ್ಲಿ ನಿಂತ ಶಾಂತಾ ಏನೋ ಕೇಳಿದರು. ಒಂದಕ್ಷರವೂ ಕಿವಿಗೆ ಬೀಳಲಿಲ್ಲ. ಆದರೂ ‘ಇಲ್ಲ, ಇನ್ನೂ ಉಂಡಿಲ್ಲ’ ಎಂದು ನಾನು ಉತ್ತರ ಕೊಟ್ಟಾಗಿತ್ತು! ದಿನಾ ಆ ಹೊತ್ತಿಗೆ ಅವರು ಊಟದ ಮಾತನ್ನೇ ಕೇಳುತ್ತಿದ್ದರು. ತುಟಿ ಅಲುಗಿದ್ದು ಕಂಡರೆ ಸಾಕಾಗಿತ್ತು.

ಆಗ ನೀಲವ್ವನವರ ‘ಇಲ್ರಿ’ ನೆನಪಾಯಿತು. ಮಾತಿನ ಪರೀಕ್ಷೆ ಮಾಡುವಾಗ ತುಟಿ ಕಾಣದಂತೆ ಕಾಗದದಿಂದ ಬಾಯಿ ಮುಚ್ಚಿಕೊಳ್ಳಬೇಕು ಎಂಬುದು ನಮ್ಮ ವೃತ್ತಿಯ ಮೊದಲ ಪಾಠ. ಕಾಗದ ಮೇಜಿನ ಮೇಲೇ ಬಿದ್ದಿತ್ತು. ನನ್ನ ಜಾಣ ಪ್ರಶ್ನೆಯ ಮೇಲಿನ ನಂಬಿಕೆಯಲ್ಲಿ ಅದನ್ನು ಎತ್ತಿಕೊಳ್ಳುವುದನ್ನೇ ಬಿಟ್ಟಿದ್ದೆ. ನನಗೆ ನಾಚಿಕೆಯಾಯಿತು. ಹಿಂದೆ ಹೀಗೆ ‘ಹಿಡಿದ’ವರಲ್ಲಿ ನಿಜಕ್ಕೂ ಕಿವಿ ಕೇಳದವರು ಎಷ್ಟು ಜನರಿದ್ದರೋ ಎಂದು ಭಯವೂ ಆಯಿತು.

ಮರುದಿನ ಬೆಳಿಗ್ಗೆ ಶಿಬಿರಕ್ಕೆ ಮೊದಲೇ ಕುಬಿಹಾಳಕ್ಕೆ ಹೋದೆ. ನೀಲವ್ವ ಬೀದಿಗೆ ಬೆನ್ನು ಹಾಕಿ ಕಟ್ಟೆಯ ಮೇಲೆ ಕೂತಿದ್ದರು. ಹಿಂದಿನಿಂದ ಮೂರು ಸಲ ಕೂಗಿದೆ, ತಿರುಗಲಿಲ್ಲ. ಎದುರಿಗೆ ಹೋಗಿ ಬಾಯಿಗೆ ಕಾಗದ ಅಡ್ಡ ಹಿಡಿದು ಅದೇ ಪ್ರಶ್ನೆ ಕೇಳಿದೆ. ಸುಮ್ಮನೆ ನನ್ನನ್ನೇ ನೋಡಿದರು. ಕಾಗದ ತೆಗೆದು ಮತ್ತೆ ಕೇಳಿದೆ.

‘ಇಲ್ರಿ.’

‘ನಾ ಕೇಳಿದ್ದು ಹೆಂಗ್ ಗೊತ್ತಾತ್ರಿ?’ ಎಂದು ನಿಧಾನವಾಗಿ, ಮುಖ ಕಾಣುವಂತೆ ಕೇಳಿದೆ.

‘ಎಲ್ಲಾರೂ ಮೊದಲ ಅದನ್ನ ಕೇಳ್ತಾರ್ರಿ. ತುಟಿ ನೋಡಿದ್ರ ತಿಳೀತೈತಿ. ಹೌದು ಅಂದ್ರ ಮುಂದ ಗಡಾಗಡಾ ಮಾತಾಡ್ತಾರ, ಒಂದೂ ತಿಳಿಯಂಗಿಲ್ಲ. ಅದಕ್ಕ ಇಲ್ಲ ಅಂತೀನ್ರಿ. ಆಮ್ಯಾಲೆ ಯಾರೂ ಏನೂ ಕೇಳಂಗಿಲ್ಲ.’

ಗೋದಾಮಿನಲ್ಲಿ ಹೆಂಗಸರು ದಿನವೆಲ್ಲ ಹರಟುತ್ತಾ ತೊಟ್ಟು ಬಿಡಿಸುತ್ತಾರೆ. ಆದರೆ ಎಲ್ಲರ ತಲೆ ಕಾಯಿಯ ರಾಶಿಯ ಕಡೆಗೆ ಬಗ್ಗಿರುತ್ತದೆ, ತುಟಿ ಕಾಣುವುದಿಲ್ಲ. ಅವರು ನಕ್ಕಾಗ ತಾನೂ ನಗುತ್ತೇನೆ ಎಂದರು. ನಾನು ಜೊತೆಗೆ ತಂದಿದ್ದ ಪರೀಕ್ಷೆಯ ಪೆಟ್ಟಿಗೆಯಿಂದ ಹೆಡ್‌ಫೋನ್ ತೆಗೆದೆ.

ಎರಡೂ ಕಿವಿಗೆ ಎಪ್ಪತ್ತೈದು ಡೆಸಿಬೆಲ್ ನಷ್ಟ ಕಂಡಿತು. ಬಳಿಯಲ್ಲಿ ನಿಂತು ಗಟ್ಟಿಯಾಗಿ ಆಡಿದ ಮಾತೂ ತಿಳಿಯದಷ್ಟು. ನನ್ನದೇ ಬರಹ ಆಕೆಗೆ ಅಡ್ಡ ಬರಬಾರದೆಂದು ಹುಬ್ಬಳ್ಳಿಯಲ್ಲಿ ಬೇರಾ ಪರೀಕ್ಷೆಯನ್ನೂ ಮಾಡಿಸಿದೆ. ತಲೆಗೆ ತಂತಿ ಅಂಟಿಸಿ, ಸದ್ದಿಗೆ ಮಿದುಳು ಸ್ಪಂದಿಸುವುದನ್ನು ನೇರವಾಗಿ ದಾಖಲಿಸುವ ಪರೀಕ್ಷೆ ಅದು. ಅದರಲ್ಲಿ ಯಾರೂ ಏನೂ ಉತ್ತರಿಸಬೇಕಿಲ್ಲ. ಫಲಿತಾಂಶ ತಾಳೆಯಾಯಿತು. ಹಳೆಯ ಷರಾ ಹೊಡೆದುಹಾಕಿ, ತಪ್ಪು ನನ್ನದೆಂದು ಬರೆದು ಸಹಿ ಮಾಡಿದೆ.

ಎರಡು ತಿಂಗಳ ನಂತರ ಮಷಿನ್ ಬಂತು. ಕುಂದಗೋಳದ ಆಸ್ಪತ್ರೆಯಲ್ಲಿ ನಾನೇ ತೊಡಿಸಿದೆ. ಈ ಸಲ ಕಾಗದದಿಂದ ಬಾಯಿ ಮುಚ್ಚಿಕೊಂಡು ಕೇಳಿದೆ: ‘ಕೇಳಸ್ತೈತೇನ್ರಿ?’

‘ಹೌದ್ರಿ,’ ಎಂದರು ನೀಲವ್ವ. ಆಮೇಲೆ ಕೈಕಟ್ಟಿ ಕಾದರು.

ಮುಂದಿನ ಮಾತಿಗಾಗಿ ಕಾಯುತ್ತಿದ್ದಾರೆ ಎಂದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು. ನನ್ನ ಬಳಿ ಮುಂದಿನ ಪ್ರಶ್ನೆಯೇ ಇರಲಿಲ್ಲ. ತನ್ನನ್ನೇ ವಿಚಾರಿಸಿಕೊಳ್ಳುವ ಪ್ರಶ್ನೆ ಎದುರಿಗಿದ್ದವರ ಬಗ್ಗೆ ಏನನ್ನೂ ಕೇಳಿರುವುದಿಲ್ಲ. ಮನುಷ್ಯರ ವಿಚಾರ ಶುರುವಾಗುವುದು ಎರಡನೆಯ ಪ್ರಶ್ನೆಯಿಂದ. ಇದನ್ನು ಕಲಿಯಲು ನನಗೆ ಇಡೀ ನೌಕರಿ ಹಿಡಿಯಿತು.

ಕಾಗದ ಕೆಳಗಿಟ್ಟು ಬಾಯಿಗೆ ಬಂದದ್ದನ್ನು ಕೇಳಿದೆ: ‘ಮನ್ಯಾಗ ಒಬ್ಬರ ಇರ್ತೀರೇನ್ರಿ?’

‘ಹೌದ್ರಿ. ನೀವ್ರಿ?’

ಚೆನ್ನಾಗಿಯೇ ಕೇಳಿಸಿತು. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ‘ನಾನೂ ಒಬ್ಬನ ಇರ್ತೀನ್ರಿ’ ಎಂದೆ.