ಸ್ಟಾರ್ಟರ್ ಕೆಟ್ಟ ಕಾರಿನಲ್ಲಿ ವಿಜಯವಾಡಕ್ಕೆ

ಹೊಸ ಸ್ಟಾರ್ಟರ್ ಹಾಕಿದರೆ ಒಂಬತ್ತು ಸಾವಿರ, ಹಳೆಯದನ್ನೇ ಬಿಚ್ಚಿ ರಿಪೇರಿ ಮಾಡಿದರೆ ಮೂರು, ಆದರೆ ಅದಕ್ಕೆ ಗ್ಯಾರಂಟಿ ಇಲ್ಲ ಎಂದ ಮೆಕ್ಯಾನಿಕ್. ನನಗೆ ಮೈಯೆಲ್ಲ ಉರಿಯಿತು. ಹದಿನೈದು ವರ್ಷದ ಸಣ್ಣ ಕಾರು, ಉಪ್ಪುಗಾಳಿಗೆ ಬಾಗಿಲಿನ ಅಂಚೆಲ್ಲ ತುಕ್ಕು ತಿಂದಿದೆ. ಮಾರಿದರೆ ಬರುವುದಾದರೂ ಎಷ್ಟು? ನಮ್ಮ ಮನೆಯವರು ನೌಕಾಪಡೆಯವರು. ಹಡಗು ಹತ್ತುವ ಮುಂಚೆ, ಗಾಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸು, ಎರಡನೇ ಗೇರಿನಲ್ಲಿ ಉರುಳಲು ಬಿಟ್ಟು ಕ್ಲಚ್ ಬಿಡು, ತಾನೇ ಸ್ಟಾರ್ಟ್ ಆಗುತ್ತದೆ, ಉಳಿದದ್ದು ನಾ ಬಂದ ಮೇಲೆ ನೋಡೋಣ ಎಂದು ಪಾಠ ಹೇಳಿ ಹೋಗಿದ್ದರು. ವಿಶಾಖಪಟ್ಟಣದಲ್ಲಿ ಇಳಿಜಾರಿಗೇನು ಬರ? ನಮ್ಮ ಕ್ವಾರ್ಟರ್ಸ್ ಇರುವುದೇ ದಿಬ್ಬದ ಮೇಲೆ. ಹಾಗೇ ಓಡಿಸಿಕೊಂಡು ಬಂದೆ.

ಅಷ್ಟರಲ್ಲಿ ಮಗಳ ಮೆಡಿಕಲ್ ಪ್ರವೇಶ ಪರೀಕ್ಷೆ ಬಂತು. ಕೇಂದ್ರ ಬಿದ್ದದ್ದು ವಿಜಯವಾಡದಲ್ಲಿ. ಹಿಂದಿನ ವರ್ಷ ಸ್ವಲ್ಪದರಲ್ಲಿ ಸೀಟು ತಪ್ಪಿತ್ತು. ಇದೇ ಕೊನೆ, ಇನ್ನೊಂದು ವರ್ಷ ಈ ಕೋಣೆಯಲ್ಲಿ ಕೂತು ಓದುವುದು ನನ್ನಿಂದಾಗದು ಎಂದು ಅವಳೇ ಹೇಳಿಬಿಟ್ಟಿದ್ದಳು. ರೈಲಿನ ಟಿಕೆಟ್ ಕೊನೆಗೂ ವೇಟಿಂಗ್ ಲಿಸ್ಟಿನಲ್ಲೇ ಉಳಿಯಿತು. ಬಸ್ಸುಗಳೆಲ್ಲ ಭರ್ತಿ. ಸಿಕ್ಕ ಒಂದು ಟ್ಯಾಕ್ಸಿಯವನು ಬಾಯಿಗೆ ಬಂದ ರೇಟು ಹೇಳಿದ. ನಾನು ಹೂಂ ಅನ್ನುವಷ್ಟರಲ್ಲಿ ಅದೂ ಬೇರೆಯವರ ಪಾಲಾಯಿತು.

ನಸುಕಿನಲ್ಲಿ ದಿಬ್ಬದಿಂದ ಕಾರು ಉರುಳಿಸಿಕೊಂಡೇ ಹೊರಟೆವು. ಮಧ್ಯಾಹ್ನ ಒಂದೂವರೆಗೆ ಪರೀಕ್ಷೆಯ ಗೇಟು ಮುಚ್ಚುತ್ತಾರೆ, ಅಲ್ಲಿಯವರೆಗೂ ಇಂಜಿನ್ ಬಂದ್ ಮಾಡುವ ಹಾಗಿಲ್ಲ. ಚಹಾ ಇಲ್ಲ, ತಿಂಡಿ ಇಲ್ಲ. ಟೋಲಿನ ಸಾಲಿನಲ್ಲಿ ಕಾರು ಒಂದಿಷ್ಟು ನಡುಗಿದರೂ ಜೀವ ಬಾಯಿಗೆ ಬರುತ್ತಿತ್ತು. ಮಗಳು ನೋಟ್ಸು ತೆರೆದಿಟ್ಟುಕೊಂಡಿದ್ದಳು, ಆದರೆ ಓದುತ್ತಿದ್ದುದು ಪೆಟ್ರೋಲಿನ ಮುಳ್ಳನ್ನು.

ಏಲೂರು ಹತ್ತಿರವಾದಾಗ ಆ ಮುಳ್ಳು ಕೆಳಗೆ ಬಂತು. ಬಂಕಿಗೆ ತಿರುಗಿಸಿದೆ. ಅಲ್ಲಿದ್ದ ಹೆಂಗಸು, ಇಂಜಿನ್ ನಿಲ್ಲಿಸದೆ ನಾನು ಪೈಪು ಮುಟ್ಟುವುದಿಲ್ಲ ಎಂದಳು. ನನ್ನ ಹರಕು ತೆಲುಗಿನಲ್ಲಿ ಬೇಡಿಕೊಂಡೆ, ಆಮೇಲೆ ಜಗಳಕ್ಕೇ ಇಳಿದೆ. ಅವಳು ಜಗ್ಗಲಿಲ್ಲ. ಅವಳದೇನು ತಪ್ಪು, ಬೆಂಕಿ ಬಿದ್ದರೆ ಹೊಣೆ ಯಾರು? ಸಿಟ್ಟೆಲ್ಲ ಸಮುದ್ರದ ಮೇಲಿದ್ದ ಗಂಡನ ಮೇಲೆ ತಿರುಗಿತು. ಮುಂದೆ ಎಲ್ಲಾದರೂ ನೋಡೋಣ ಎಂದು ಗೇರ್ ಹಾಕಲು ಹೋದೆ. ಮಗಳು ನನ್ನ ಕೈ ಹಿಡಿದಳು. ಅವಳಿಗೆ ಕೋಪ ಬಂದರೆ ತೆಲುಗೇ ಬರುವುದು. ಆವತ್ತು ನಮ್ಮ ಧಾರವಾಡದ ಕನ್ನಡದಲ್ಲೇ ಮೆಲ್ಲಗೆ ಹೇಳಿದಳು.

"ಗಾಡಿ ಬಂದ್ ಮಾಡಮ್ಮ. ನಾ ದಬ್ಬತೇನಿ."

ಕೀಲಿ ತಿರುಗಿಸಿದೆ. ಪೆಟ್ರೋಲ್ ಬಿತ್ತು. ಮತ್ತೆ ಕೀಲಿ ತಿರುಗಿಸಿದರೆ ಬರೀ ಟಿಕ್ ಟಿಕ್. ಮಗಳು, ಇಬ್ಬರು ಲಾರಿ ಡ್ರೈವರುಗಳು, ಜಗಳವಾಡಿದ ಅದೇ ಹೆಂಗಸು ಎಲ್ಲರೂ ಸೇರಿ ದಬ್ಬಿದರು. ಮೊದಲ ಸಲ ಕಾರು ಮುಗ್ಗರಿಸಿ ನಿಂತೇಬಿಟ್ಟಿತು. ಎರಡನೇ ಸಲವೂ ಅಷ್ಟೇ. ಮೂರನೇ ಸಲ ಹೊಗೆ ಉಗುಳಿ ಎದ್ದಿತು. ಮಗಳು ಓಡುತ್ತಲೇ ಬಂದು ಹತ್ತಿದಳು, ಏದುತ್ತಿದ್ದಳು, ಅಂಗೈಯೆಲ್ಲ ಕಪ್ಪು. ಪೆನ್ನು ಹಿಡಿಯಬೇಕಾದ ಕೈ ಅದು.

ವಿಜಯವಾಡದೊಳಗೆ ಹೊಕ್ಕ ಮೇಲೆ ಟ್ರಾಫಿಕ್ಕು ಹಿಡಿದುಕೊಂಡಿತು. ಕೇಂದ್ರದ ರಸ್ತೆ ಸೇರಿದಾಗ ಗೇಟು ಮುಚ್ಚುವ ಹೊತ್ತು ಆಗುತ್ತ ಬಂದಿತ್ತು. ಪೊಲೀಸರು ಸೀಟಿ ಊದಿ ಎಲ್ಲ ಗಾಡಿಗಳನ್ನೂ ಮುಂದೆ ಅಟ್ಟುತ್ತಿದ್ದರು. ಮಗಳು ಹಾಲ್ ಟಿಕೆಟ್ ಹಿಡಿದು, ಕಾರು ಪೂರ್ತಿ ನಿಲ್ಲುವ ಮೊದಲೇ ಇಳಿದು ಓಡಿದಳು. ತಲೆ ಮೇಲೆ ಕೈಯಿಟ್ಟು ಒಳ್ಳೆಯದಾಗಲಿ ಅನ್ನುವುದಕ್ಕೂ ಆಗಲಿಲ್ಲ. ಜನರ ನಡುವೆ ಅವಳ ಬೆನ್ನು ಕಂಡಿತು, ಆಮೇಲೆ ಅದೂ ಕಾಣಲಿಲ್ಲ.

ಕಾರು ತಿರುಗಿಸಲು ಎಷ್ಟೋ ದೂರ ಹೋಗಬೇಕಾಯಿತು. ಮರಳಿ ಬಂದಾಗ ಗೇಟು ಮುಚ್ಚಿತ್ತು. ಹೊರಗೆ ಏಳೆಂಟು ಮಕ್ಕಳು ಕಂಬಿ ಹಿಡಿದು ಅಳುತ್ತಿದ್ದರು. ಇಂಜಿನ್ ಬಂದ್ ಮಾಡಿ, ಬಾಗಿಲನ್ನೂ ಹಾಕದೆ ಓಡಿದೆ. ಒಬ್ಬೊಬ್ಬರ ಮುಖ ನೋಡುತ್ತ ಹೋದೆ. ಜಾತ್ರೆಯಲ್ಲಿ, ಸ್ಟೇಷನ್ನಿನಲ್ಲಿ, ಶಾಲೆಯ ಅಂಗಳದಲ್ಲಿ ನನ್ನ ಮಗಳು ಕಾಣಲಿ ಎಂದು ಹುಡುಕಿದ್ದೇನೆ. ಆವತ್ತು ಮಾತ್ರ ಕಾಣದಿರಲಿ ದೇವರೇ ಎಂದು ಹುಡುಕಿದೆ. ಅವಳದೇ ಬಣ್ಣದ ನೀಲಿ ಕುರ್ತಾ ತೊಟ್ಟ ಒಬ್ಬಳು ನೆಲದ ಮೇಲೆ ಕುಸಿದು ಕೂತಿದ್ದಳು. ಅವಳು ಮುಖ ಎತ್ತಿದಳು. ನನ್ನವಳಲ್ಲ.

ನನ್ನವಳು ಅಲ್ಲೆಲ್ಲೂ ಇರಲಿಲ್ಲ. ಒಳಗೆ ಹೋಗಿದ್ದಳು. ಪಕ್ಕದಲ್ಲಿದ್ದ ಆ ಹುಡುಗಿಯ ತಾಯಿ ನನ್ನ ಅವಸ್ಥೆ ನೋಡಿ, ನಿಮ್ಮ ಮಗುವೂ ಹೊರಗೇ ಉಳಿಯಿತಾ ಎಂದು ತೆಲುಗಿನಲ್ಲಿ ಕೇಳಿದರು. ನನಗೆ ಇಲ್ಲ ಅನ್ನಲು ಬಾಯಿ ಬರಲಿಲ್ಲ. ಅವರ ಪಕ್ಕದಲ್ಲೇ ಕೂತು, ಅವರಿಗಿಂತ ಜೋರಾಗಿ ಅತ್ತುಬಿಟ್ಟೆ.