ಕಾಕೂ ಮುಚ್ಚಿಟ್ಟ ಬಡಿದಾಟ

ಗಂಜಿ ಹಾಕಿದ ಹೊಸ ಹತ್ತಿ ಸೀರೆಯ ವಾಸನೆ ನನಗೆ ಸೇರುವುದಿಲ್ಲ. ಜಮಖಂಡಿಯಲ್ಲಿ ಮನೆಯಲ್ಲೇ ಕೂತು ಸೀರೆಗೆ ಫಾಲ್, ಪಿಕೋ ಮಾಡಿಕೊಡುವವಳಿಗೆ ಇಷ್ಟು ದಿಮಾಕು ಇರಬಾರದು, ಗೊತ್ತು. ಪುಣ್ಯಕ್ಕೆ ಈಗ ಬರುವವೆಲ್ಲ ಸೂರತ್ತಿನ ಸೀರೆಗಳು, ಅವಕ್ಕೆ ಯಾವ ವಾಸನೆಯೂ ಇಲ್ಲ. ಆದರೆ ಮೊನ್ನೆ ಬನಹಟ್ಟಿಯ ಒಬ್ಬ ಹೆಣ್ಣುಮಗಳು ಮಗ್ಗದಿಂದ ಇಳಿಸಿದ ಮೇಲೆ ಇನ್ನೂ ನೀರು ಕಾಣದ ಸೀರೆಯೊಂದನ್ನು ತಂದು ನನ್ನ ಮಷೀನಿನ ಮೇಲೆ ಬಿಚ್ಚಿದಳು. ಗಂಜಿ, ಅದರ ಹಿಂದೆಯೇ ಮಗ್ಗದ ಎಣ್ಣೆಯ ಕಮಟು... ಎದ್ದು ಕಿಟಕಿ ತೆರೆದೆ.

"ನಿಮ್ಮ ತವರಮನಿ ಓಣಿ ಕಾಕೂ ತೀರಕೊಂಡ್ಳಲ್ರಿ, ಗೊತ್ತಾತೇನ್ರಿ?" ಎಂದಳು ಆಕೆ, ಫಾಲಿನ ಬಣ್ಣ ಆರಿಸುತ್ತಲೇ.

ಯಾವ ಕಾಕೂ ಎಂದು ಕೇಳಬೇಕಿರಲಿಲ್ಲ. ಬನಹಟ್ಟಿಯ ಆ ಓಣಿಯಲ್ಲಿ ಎಲ್ಲರೂ ಕಾಕೂ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದುದು ಒಬ್ಬಳನ್ನೇ. ಅಯ್ಯೋ ಪಾಪ ಎನ್ನಬೇಕಾದ ಜಾಗದಲ್ಲಿ ನಾನು, "ಸೋಮಾರ ಬರ್ರಿ, ಆಗಿರತೈತಿ" ಎಂದು ಸೀರೆ ಮಡಚಿಟ್ಟೆ.

ಅದೇ ಸಂಜೆ ನನ್ನ ಮಗಳು ಪಕ್ಕದಲ್ಲಿ ಬೋರಲಾಗಿ ಬಿದ್ದುಕೊಂಡು ಮೊಬೈಲು ನೋಡುತ್ತಿದ್ದಳು. ಬಗ್ಗಿ ನೋಡಿದೆ. ಹಣೆಯ ಮೇಲೆ ಬಿದ್ದ ಜುಟ್ಟು, ಎಡಗಾಲಿನಲ್ಲಿ ಹರಿದ ಬೂಟು. ಅವನೇ! ಕುಸ್ತಿ, ಕರಾಟೆ, ಲಾಠಿ ಎಲ್ಲ ಕಲಸಿ ಹೊಡೆದಾಡುತ್ತ ಊರೂರು ಅಲೆಯುವ ಜಪಾನಿನ ಕಾರ್ಟೂನಿನ ಹುಡುಗ. ಚಿಕ್ಕಂದಿನಲ್ಲಿ ನಾವು ಓಣಿಯ ಹುಡುಗಿಯರು ಅವನಿಗೆ ಜುಟ್ಟಿನ ಹುಡುಗ ಎಂದೇ ಹೆಸರಿಟ್ಟಿದ್ದೆವು. ಹಿನ್ನೆಲೆಯಲ್ಲಿ ಡೋಲು, ಕೊಳಲು ಸೇರಿದ ಒಂದು ಹಾಡು ಬರುತ್ತಿತ್ತು. ಅದಕ್ಕೊಂದು ಹಾಡಿದೆ ಎಂದೇ ನನಗೆ ಗೊತ್ತಿರಲಿಲ್ಲ. ನಾವು ನೋಡುವಾಗ ಮಗ್ಗದ ಸದ್ದಿನಲ್ಲಿ ಒಂದಕ್ಷರವೂ ಕಿವಿಗೆ ಬೀಳುತ್ತಿರಲಿಲ್ಲ.

ಮಗಳು ಬೆರಳಿನಿಂದ ಅದನ್ನು ಸರಕ್ಕನೆ ಮುಂದಕ್ಕೆ ತಳ್ಳಿದಳು.

"ಯಾಕ ತಗದಿ?" ಎಂದೆ.

"ಇದ ಫಿಲ್ಲರ್ ಮಮ್ಮಿ. ಇದನ್ನ ಯಾರೂ ನೋಡಂಗಿಲ್ಲ."

"ಹಂಗಂದ್ರ?"

"ಕತಿ ಬರ್ಯಾವ ಮುಂದಿಂದ ಇನ್ನೂ ಬರದಿರಂಗಿಲ್ಲ. ಅಲ್ಲೀತನಾ ಟೀವಿಯವ್ರು ಏನರ ತುರಕತಾರ. ಆಡ ಹಿಡಿಯೂದು, ಅಡಗಿ ಮಾಡೂದು. ಖರೆ ಕತಿಗೂ ಅದಕ್ಕೂ ಏನೂ ಸಂಬಂಧ ಇರಂಗಿಲ್ಲ."

ಅದಕ್ಕೊಂದು ಹೆಸರಿದೆ ಎಂದು ನನಗೆ ಅಂದು ಗೊತ್ತಾಯಿತು. ನಮ್ಮ ಓಣಿಯಲ್ಲಿ ಅದರ ಹೆಸರು ಕಾಕೂ.

ಕಾಕೂ ನಮ್ಮ ಎದುರು ಮನೆಯವಳು. ಗಂಡ ಬೇಗ ಹೋಗಿದ್ದ, ಮಕ್ಕಳಿರಲಿಲ್ಲ. ಹಿಂದಿನ ತಗಡಿನ ಕೋಣೆಯಲ್ಲಿ ಕರೆಂಟಿನ ಮಗ್ಗಗಳು, ಮುಂದಿನ ಪಡಸಾಲೆಯಲ್ಲಿ ಬಣ್ಣದ ಟಿ.ವಿ. ಗಂಡು ದಿಕ್ಕಿಲ್ಲದೆ ಮಗ್ಗ ನಡೆಸಿದ ಗಟ್ಟಿಗಿತ್ತಿ ಎಂದು ಓಣಿಯ ಹಿರಿಯರು ಈಗಲೂ ಹೊಗಳುತ್ತಾರೆ. ನಡೆಸಲಿ, ಯಾರು ಬೇಡವೆಂದರು? ನಾನು ಕಂಡ ಕಾಕೂ ಬೇರೆ. ಬಾಯಲ್ಲಿ ಅಡಿಕೆ, ಕಣ್ಣು ಯಾವಾಗಲೂ ನಮ್ಮ ಕೈಗಳ ಮೇಲೆ. ಬಲಗೈ ಹೆಬ್ಬೆರಳು ನೂಲು ಒತ್ತಿ ಒತ್ತಿ ಚಪ್ಪಟೆಯಾಗಿತ್ತು. ಆ ಹೆಬ್ಬೆರಳು ಕಂಡರೆ ನನಗೆ ಆಗುತ್ತಿರಲಿಲ್ಲ.

ಮಗ್ಗದ ಲಾಳಿಯೊಳಗೆ ಕೂರುವ ನೂಲಿನ ಸಣ್ಣ ಸುರುಳಿಗೆ ನಮ್ಮಲ್ಲಿ ಕಂಡಕಿ ಎನ್ನುತ್ತಾರೆ. ಅದನ್ನು ಸುತ್ತುವುದು ಹೆಂಗಸರ, ಮಕ್ಕಳ ಕೆಲಸ. ಕಾಕೂನ ಹತ್ತಿರ ಸುತ್ತುವ ಮಷೀನೂ ಇತ್ತು, ಆದರೆ ಕೆಟ್ಟು ಮೂಲೆ ಸೇರಿತ್ತು. ರಿಪೇರಿ ಯಾಕೆ ಮಾಡಿಸಬೇಕು, ನಾವಿದ್ದೆವಲ್ಲ! ನನ್ನಂಥ ಟಿ.ವಿ. ಇಲ್ಲದ ಮನೆಯ ಹುಡುಗಿಯರು ಶಾಲೆ ಬಿಟ್ಟೊಡನೆ ಅವಳ ಪಡಸಾಲೆಯಲ್ಲಿ ರಾಟಿ ಹಿಡಿದು ಸಾಲಾಗಿ ಕೂರಬೇಕು. ಕಂಡಕಿ ಸುತ್ತುತ್ತ ಕಾರ್ಟೂನು ನೋಡಬೇಕು. ಕೈ ನಿಂತರೆ ಟಿ.ವಿ.ಯೂ ನಿಲ್ಲುತ್ತಿತ್ತು.

ಕಾರ್ಟೂನು ಹಾಕುತ್ತಿದ್ದವನು ಊರಿನ ಕೇಬಲ್ಲಿನ ಅಣ್ಣ. ತನ್ನದೇ ಒಂದು ಚಾನೆಲ್ ಇಟ್ಟುಕೊಂಡು ಸಂಜೆ ಹೊತ್ತು ಸೀಡಿ ಹಾಕಿ ಊರಿಗೆಲ್ಲ ಬಿಡುತ್ತಿದ್ದ. ಮಾತು ಹಿಂದಿಯಲ್ಲಿ, ಅದೂ ಕೇಳಿಸುತ್ತಿರಲಿಲ್ಲ. ಆದರೆ ನಮಗೆ ಸಾವಿ ಇದ್ದಳು.

ಸಾವಿ ನನ್ನ ಜೀವದ ಗೆಳತಿ, ಗೋಡೆಯಾಚೆ ಮನೆಯವಳು. ಅವಳ ತಾಯಿಯ ತವರು ಮಹಾರಾಷ್ಟ್ರದ ಇಚಲಕರಂಜಿ, ಹಾಗಾಗಿ ಹಿಂದಿ ಒಂದಿಷ್ಟು ತಿಳಿಯುತ್ತಿತ್ತು. ತಿಳಿಯದ್ದನ್ನು ತುಟಿ ನೋಡಿ ಹೇಳುತ್ತಿದ್ದಳು, ಅದೂ ತಿಳಿಯದಿದ್ದರೆ ತಾನೇ ಕಟ್ಟುತ್ತಿದ್ದಳು. ಮಗ್ಗದ ಸದ್ದಿನ ಮೇಲೆ ಗಂಟಲು ಹರಿದುಕೊಂಡು ಕೂಗುವಳು: "ಅಂವಾ ಇಂವನ ಗುರೂನ ಕೊಂದಾನಬೇ! ಗುರೂನ ಬಡಿಗಿ ಕಸಗೊಂಡ ಹೋಗ್ಯಾನ! ಇಂವಾ ಬಿಡಂಗಿಲ್ಲ!" ಗುರುವನ್ನು ಕೊಂದವನಿಗೆ ನಾವಿಟ್ಟ ಹೆಸರು ಬಿಳಿಗಣ್ಣ. ಆ ಬಡಿಗೆ ಹುಡುಗನ ಕೈಗೆ ಬರುತ್ತದೋ ಇಲ್ಲವೋ ಎಂಬುದೇ ಕತೆ. ನಮ್ಮ ಊಟ, ನಿದ್ದೆ ಎಲ್ಲ ಅದರ ಮೇಲೆ ನಿಂತಿತ್ತು.

ಬಡಿದಾಟದ ದಿನ ಬಂತೆಂದರೆ ನಮ್ಮ ಕೈ ನಮ್ಮ ಮಾತು ಕೇಳುತ್ತಿರಲಿಲ್ಲ. ಹುಡುಗ ಎಗರಿದರೆ ರಾಟಿ ಗರಗರ, ಅವನು ಬಿದ್ದರೆ ರಾಟಿ ಗಪ್ಪು. ಒಮ್ಮೆ ಬಿಗಿ, ಒಮ್ಮೆ ಸಡಿಲ. ಸಡಿಲಾಗಿ ಸುತ್ತಿದ ಕಂಡಕಿ ಲಾಳಿಯೊಳಗೆ ಕುಸಿಯುತ್ತದೆ, ನೂಲು ಗಂಟಾಗುತ್ತದೆ, ಮಗ್ಗ ನಿಲ್ಲುತ್ತದೆ. ಆಗ ಕಾಕೂ ಹಿಂದಿನ ಕೋಣೆಯಿಂದ ಎದ್ದು ಬಂದು, ಆ ಕಂಡಕಿಯನ್ನು ನಮ್ಮ ಬೆನ್ನಿಗೇ ಎಸೆಯುತ್ತಿದ್ದಳು.

"ಮುದೇವಿಗೋಳ್ರ್ಯಾ, ಕಣ್ಣ ಅಲ್ಲಿ ಇರಲಿ, ಕೈ ಇಲ್ಲಿ ಇರಲಿ!"

ಬಡಿದಾಟವಿಲ್ಲದ ಕತೆ ಬಂದ ದಿನ ಮಾತ್ರ ಅವಳ ಮುಖ ಅರಳುತ್ತಿತ್ತು. ಹುಡುಗ ಯಾವುದೋ ಹಳ್ಳಿಗೆ ಹೋಗುವುದು, ಖಾನಾವಳಿಯಲ್ಲಿ ಬೋಗುಣಿ ತೊಳೆಯುವುದು, ತಪ್ಪಿಸಿಕೊಂಡ ಆಡು ಹಿಡಿಯುವುದು. ನಮಗೆ ನೋಡಲು ಏನೂ ಇರುತ್ತಿರಲಿಲ್ಲ. ಬೇಜಾರಿನಲ್ಲಿ ಕೈ ತನ್ನಷ್ಟಕ್ಕೆ ಓಡುತ್ತಿತ್ತು, ಕಂಡಕಿ ಒಂದೇ ಹದಕ್ಕೆ ಗಟ್ಟಿಯಾಗಿ ಬರುತ್ತಿದ್ದವು. ಕಾಕೂ ಒಂದೊಂದನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿ, "ಹಾಂ, ಹಿಂಗ" ಎಂದು ತಲೆ ಅಲ್ಲಾಡಿಸುತ್ತ ಬುಟ್ಟಿಗೆ ಹಾಕುತ್ತಿದ್ದಳು. ಅವಳು ಏನು ಲೆಕ್ಕ ಹಾಕುತ್ತಿದ್ದಾಳೆಂದು ನಮಗೆ ಆಗ ಹೊಳೆಯಲಿಲ್ಲ.

ಕೊನೆಗೂ ದೊಡ್ಡ ಬಡಿದಾಟ ಶುರುವಾಯಿತು. ಹೊಳೆಯ ಮೇಲಿನ ಹಗ್ಗದ ಸೇತುವೆ. ಹುಡುಗನ ಎಡಗೈಗೆ ಗಾಯ, ಅಂಗಿ ಹರಿದು ಪಟ್ಟಿ ಕಟ್ಟಿಕೊಂಡಿದ್ದಾನೆ. ಬಿಳಿಗಣ್ಣನ ಮುಷ್ಟಿ ಹುಡುಗನ ಮೂಗಿನ ತನಕ ಬಂತು... ಅಷ್ಟಕ್ಕೇ ಸೀಡಿ ಮುಗಿಯಿತು. ಪಡಸಾಲೆಯಲ್ಲಿ ಒಂದು ರಾಟಿಯೂ ತಿರುಗುತ್ತಿರಲಿಲ್ಲ. ಅಂದು ಕಾಕೂ ಎಸೆದ ಕಂಡಕಿಗಳು ನಮಗೆ ತಾಗಿದ್ದೂ ತಿಳಿಯಲಿಲ್ಲ.

ಅದೇ ವಾರ ಸಾವಿಯ ಮನೆಯಲ್ಲಿ ಗಂಟುಮೂಟೆ ಕಟ್ಟುವುದು ಶುರುವಾಯಿತು. ಅವಳಪ್ಪನಿಗೆ ಇಚಲಕರಂಜಿಯ ದೊಡ್ಡ ಮಗ್ಗದಲ್ಲಿ ಕೆಲಸ ಸಿಕ್ಕಿತ್ತು. ಅಮಾವಾಸ್ಯೆ ಕಳೆದ ಮೇಲೆ ಹೊರಡುವುದೆಂದು ಗೊತ್ತಾಯಿತು. ಸಾವಿ ಅಳಲಿಲ್ಲ. "ಬಡಿಗಿ ಸಿಗೂದ ನೋಡೇ ಹೊಕ್ಕೀನಿ" ಎಂದಳು, ಅಷ್ಟೇ.

ಮರುದಿನ ಟಿ.ವಿ. ಹಚ್ಚಿದರೆ ಸೇತುವೆಯೂ ಇಲ್ಲ, ಬಿಳಿಗಣ್ಣನೂ ಇಲ್ಲ! ಹುಡುಗ ಒಂದು ಹಳ್ಳಿಯಲ್ಲಿ ಆಡಿನ ಹಿಂದೆ ಓಡುತ್ತಿದ್ದಾನೆ. ಸಾವಿ ದಿಟ್ಟಿಸಿ ನೋಡಿ, "ನೋಡಬೇ, ಕೈಯಾಗ ಪಟ್ಟಿ ಇಲ್ಲ" ಎಂದಳು. ಖರೆ. ನಿನ್ನೆ ರಕ್ತ ಸೋರುತ್ತಿದ್ದ ಕೈ ಇಂದು ಹೂವಿನಂತಿತ್ತು. ಇದು ಸುಳ್ಳು ಕತೆ, ನಡುವೆ ಯಾರೋ ತುರುಕಿದ್ದಾರೆ ಎಂದು ಅವಳು ಅಂದೇ ಹೇಳಿದಳು. ಮಾರನೆಯ ದಿನ ಶ್ಯಾವಿಗೆ ಹೊಸೆಯುವ ಪಂದ್ಯ. ಅದರ ಮಾರನೆಯ ದಿನ ಕಳೆದುಹೋದ ಗಂಟೆ ಹುಡುಕುವುದು. ಆಮೇಲೆ ಮತ್ತೆ ಅದೇ ಆಡು... ಅಮಾವಾಸ್ಯೆ ಹತ್ತಿರ ಬಂತು.

ನನಗೆ ತಡೆಯಲಾಗಲಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಕೇಬಲ್ಲಿನ ಅಣ್ಣನ ಅಂಗಡಿಗೆ ಹೋಗಿ ಕೇಳಿಯೇ ಬಿಟ್ಟೆ.

"ಸೀಡಿ ಐತಿ ತಂಗಿ, ಇಲ್ಲೇ ಐತಿ" ಎಂದ ಅವನು, ಡ್ರಾದಿಂದ ತೆಗೆದೂ ತೋರಿಸಿದ. "ನಿಮ್ಮ ಕಾಕೂನೇ ಹಾಕಬ್ಯಾಡಂದಾಳ. ಲಗ್ನದ ಸೀರಿ ಮುಗಿಯೂತನಾ ಬಡದಾಟ ಬ್ಯಾಡಂತ. ನನ್ನ ಕೇಬಲ್ ಡಬ್ಬಿ ಆಕಿ ಮಾಳಗಿ ಮ್ಯಾಲೆ ಐತಿ. ಸಿಟ್ಟಿಗೆದ್ದರ ಕಿತ್ತ ಒಗೀತಾಳ, ಅರ್ಧ ಊರಿಗೆ ಟೀವಿ ಬಂದ್."

ನಮ್ಮ ಕೈ ಬೇಕು, ಕಣ್ಣು ಬೇಡ! ಓಡಿ ಬಂದು ಕಾಕೂನ ಮುಂದೆ ನಿಂತೆ. ಸಾವಿಯೂ ಪಕ್ಕದಲ್ಲಿ ಬಂದು ನಿಂತಳು.

"ಒಂದ ದಿನ ಹಾಕಿಸ್ರಿ ಕಾಕೂ. ಸಾವಿ ನಾಡದ ಊರ ಬಿಟ್ಟ ಹೊಂಟಾಳ್ರಿ."

"ಹೋಗಾಕಿ ಹೋಗಲಿ. ಬಡದಾಟ ನೋಡಿದ್ರ ಹೊಟ್ಟಿ ತುಂಬತೈತೇನ?"

ಸಾವಿ ಕಾಕೂನ ಮುಂದೆ ಮೊದಲ ಸಲ ಬಾಯಿ ಬಿಟ್ಟಳು. "ನಾ ಎಷ್ಟರ ಸುತ್ತತೀನ್ರಿ ಕಾಕೂ. ಅದೊಂದ ತೋರಸ್ರಿ."

ಕಾಕೂ ಅವಳನ್ನೊಮ್ಮೆ ಮೇಲಿನಿಂದ ಕೆಳಗೆ ನೋಡಿದಳು. ಆಮೇಲೆ ದೊಡ್ಡ ಬಿದಿರಿನ ಬುಟ್ಟಿಯನ್ನು ಕಾಲಿನಿಂದ ಮುಂದಕ್ಕೆ ತಳ್ಳಿ, "ಇದನ್ನ ತುಂಬಸ್ರಿ. ನಾಳೆ ಹಾಕಸ್ತೀನಿ" ಎಂದಳು.

ತುಂಬಿಸಿದೆವು. ಬೆರಳ ಸಂದು ನೂಲು ಕೊಯ್ದು ಕೆಂಪಾಗುವ ತನಕ ಸುತ್ತಿದೆವು. ಸಾವಿ ಸುತ್ತಿದ ಕಂಡಕಿಗಳಂತೂ ಎಷ್ಟು ಗಟ್ಟಿ ಇದ್ದವೆಂದರೆ ಕಾಕೂನ ಹೆಬ್ಬೆರಳು ಅದರಲ್ಲಿ ಇಳಿಯಲೇ ಇಲ್ಲ. ಅವಳು ಎಲ್ಲವನ್ನೂ ಒತ್ತಿ ನೋಡಿ ಬುಟ್ಟಿ ಒಳಗೊಯ್ದಳು.

ಮರುದಿನ ಹಣೆಗೆ ಕುಂಕುಮ ಹಚ್ಚಿಕೊಂಡು, ತಲೆ ಬಾಚಿಕೊಂಡು ಬಂದಿದ್ದಳು ಸಾವಿ. ಕಾಕೂ ನಮ್ಮ ಮುಂದೆ ಇನ್ನೊಂದು ಖಾಲಿ ಬುಟ್ಟಿ ಇಟ್ಟು ಟಿ.ವಿ. ಹಚ್ಚಿದಳು. ಹಳ್ಳಿ, ಖಾನಾವಳಿ, ಆಡು. ಒಮ್ಮೆ ನೋಡಿದ್ದೇ ಮತ್ತೊಮ್ಮೆ. ನಾವು ಕಾಕೂನ ಮುಖ ನೋಡಿದೆವು. ಅವಳು ಅಡಿಕೆ ಹೋಳು ಬಾಯಿಗೆ ಹಾಕಿಕೊಂಡು, "ಬಾಯಿ ಏನ ನೋಡತೀರಿ, ಸುತ್ತರಿ" ಎಂದು ಮಗ್ಗದ ಕೋಣೆಗೆ ಹೋದಳು. ಒಂದು ಸುಳ್ಳಾದರೂ ಹೇಳಬಾರದಿತ್ತೇ? ಸೀಡಿ ಕೆಟ್ಟಿದೆ, ಕರೆಂಟು ಹೋಗಿತ್ತು... ಮಕ್ಕಳಿಗೆ ಅಷ್ಟೂ ಮರ್ಯಾದೆ ಕೊಡಲಿಲ್ಲ ಆ ಹೆಂಗಸು.

ನಾನು ಬಿಕ್ಕಳಿಸಿ ಅತ್ತೆ. ಸಾವಿ ರಾಟಿ ಎಳೆದುಕೊಂಡು ಸುತ್ತತೊಡಗಿದಳು. ಆಡಿನ ಕತೆ ಮುಗಿಯುವವರೆಗೂ ತಲೆ ಎತ್ತಲಿಲ್ಲ, ಬುಟ್ಟಿ ತುಂಬಿಸಿಯೇ ಎದ್ದಳು. ಕಾಕೂ ಬಂದು ಒತ್ತಿ ನೋಡಿ, "ಹಾಂ, ಹಿಂಗ" ಎಂದಳು.

ಮರುದಿನ ಬೆಳಿಗ್ಗೆ ಟೆಂಪೋದಲ್ಲಿ ಪಾತ್ರೆ, ಹಾಸಿಗೆ, ಅದರ ಮೇಲೆ ಸಾವಿ. ಹೊರಡುವಾಗ ಬಗ್ಗಿ ನನ್ನ ಕಿವಿಯಲ್ಲಿ ಹೇಳಿದಳು: "ನಿನ್ನಿನ ಕಂಡಕಿ ಮ್ಯಾಲೆ ಬಿಗಿ ಸುತ್ತೇನಿ, ಒಳಗ ಢೀಲಾ. ಲಾಳ್ಯಾಗ ಹಾಕಿದ ಮ್ಯಾಲೆ ಗೊತ್ತಾಕ್ಕೈತಿ ಆಕಿಗಿ."

ಟೆಂಪೋ ಓಣಿ ದಾಟಿ ತುಸು ಹೊತ್ತಾಗಿರಬೇಕು. ಎದುರು ಮನೆಯ ಮಗ್ಗ ಖಟಖಟ ಶುರುವಾಗಿ ಗಪ್ಪನೆ ನಿಂತಿತು. ಮತ್ತೆ ಶುರು, ಮತ್ತೆ ಗಪ್ಪು. ನಾನು ನಮ್ಮ ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದೆ. ಅಷ್ಟು ಛಲೋ ಸದ್ದು ನನ್ನ ಜನ್ಮದಲ್ಲಿ ಇನ್ನೊಂದು ಕೇಳಿಲ್ಲ. ಮದುವೆಯ ಸೀರೆಯೊಂದು ನಡುವೆ ಪಟ್ಟೆ ಬಿದ್ದು ಕೆಟ್ಟಿತಂತೆ. ಕಾಕೂ ಓಣಿಯಲ್ಲಿ ನಿಂತು ನಮ್ಮವ್ವನಿಗೂ ಸಾವಿಯ ಇಡೀ ವಂಶಕ್ಕೂ ಸೇರಿಸಿ ಬಾಯಿಗೆ ಬಂದಂತೆ ಬೈದಳು, ನಮ್ಮೆಲ್ಲರಿಗೂ ಬಾಗಿಲು ಹಾಕಿದಳು. ಮೂಲೆಯ ಮಷೀನು ಒಂದೇ ದಿನದಲ್ಲಿ ರಿಪೇರಿಯಾಗಿ ಬಂತು. ಒಂದೇ ದಿನದ ಕೆಲಸವಾಗಿತ್ತು ಅದು!

ಬಡಿಗೆ ಸಿಕ್ಕಿತೋ ಇಲ್ಲವೋ ನನಗೆ ತಿಳಿಯಲೇ ಇಲ್ಲ. ಸಾವಿಯ ಸುದ್ದಿಯೂ ಆಮೇಲೆ ಬರಲಿಲ್ಲ... ಇಚಲಕರಂಜಿಯಿಂದಲೂ ಅವರು ಮುಂದೆಲ್ಲಿಗೋ ಹೋದರಂತೆ. ಕಾಕೂ ಮಾತ್ರ ನನ್ನ ಮದುವೆಗೆ ಬಂದಿದ್ದಳು. ಅಕ್ಕಿಕಾಳು ಹಾಕಿ ನನ್ನ ಕೈ ಹಿಡಿದು, ಹೆಬ್ಬೆರಳಿನಿಂದ ಒತ್ತಿ, "ಈಗರ ಬಿಗಿ ಸುತ್ತಾಕ ಬರತೈತೇನಬೇ?" ಎಂದು ನಕ್ಕಳು. ನಾನು ಕೈ ಕಿತ್ತುಕೊಂಡೆ. ಅದೇ ಕೊನೆ, ಆಮೇಲೆ ಅವಳ ಮುಖ ನೋಡಲಿಲ್ಲ.

ಇದನ್ನೆಲ್ಲ ಕೇಳಿದ ಮಗಳು ಮೊಬೈಲಿನಲ್ಲಿ ಹುಡುಕಿ ಸೇತುವೆಯ ಕತೆ ತೆಗೆದುಕೊಟ್ಟಳು. ನೋಡಿದೆ. ಮುಷ್ಟಿ ಬಂತು, ಹುಡುಗ ಬಗ್ಗಿದ, ನಾಲ್ಕು ಏಟು ಕೊಟ್ಟ, ಬಿಳಿಗಣ್ಣ ಹೊಳೆಗೆ ಬಿದ್ದ, ಬಡಿಗೆ ಸಿಕ್ಕಿತು. ಒಲೆಯ ಮೇಲಿಟ್ಟ ಚಹಾ ಇನ್ನೂ ಕುದಿ ಬಂದಿರಲಿಲ್ಲ. ಇಷ್ಟೇನಾ? ಇಷ್ಟು ಹೊತ್ತಿನದ್ದನ್ನು ಆ ಹುಡುಗಿಗೆ ತೋರಿಸಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು, ಕಾಕೂ? ಬೈಯೋಣವೆಂದರೆ ಈಗ ಅವಳೂ ಇಲ್ಲ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು. ಸಾವಿ ಎಲ್ಲಿದ್ದಾಳೋ, ಬಡಿಗೆ ಸಿಕ್ಕಿತೆಂದು ಯಾರಾದರೂ ಅವಳಿಗೆ ಹೇಳಿದರೋ ಇಲ್ಲವೋ.

"ಇನ್ನ ಆ ಆಡಿನ ಕತಿ ಹಾಕ" ಎಂದೆ.

"ಅದ ಫಿಲ್ಲರ್ ಮಮ್ಮಿ..."

"ಹಾಕ. ಧ್ವನಿ ಬಂದ್ ಮಾಡ."

ಹಳ್ಳಿ, ಖಾನಾವಳಿ, ಆಡು. "ನೋಡಬೇ, ಕೈಯಾಗ ಪಟ್ಟಿ ಇಲ್ಲ" ಎಂದು ನನ್ನ ಬಾಯಿಂದ ತಾನಾಗಿ ಬಂತು. ಮಗಳು ನಗಲಿಲ್ಲ. ಅವಳು ನನ್ನ ತೊಡೆಯ ಕಡೆ ನೋಡುತ್ತಿದ್ದಳು.

"ಮಮ್ಮಿ, ಕೈ ಏನ ಮಾಡಾಕತ್ತೈತಿ?"

ನೋಡಿದೆ. ನನ್ನ ಬಲಗೈ ಮೊಣಕಾಲ ಪಕ್ಕದಲ್ಲಿ ಇಲ್ಲದ ರಾಟಿಯನ್ನು ತಿರುಗಿಸುತ್ತಿತ್ತು, ಒಂದೇ ಹದದಲ್ಲಿ. ಕಾಕೂ ಕಂಡಿದ್ದರೆ "ಹಾಂ, ಹಿಂಗ" ಎಂದು ತಲೆ ಅಲ್ಲಾಡಿಸುತ್ತಿದ್ದಳು. ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡೆ.