ಓನರಣ್ಣನ ಬಲಗೈ

ಅವರ ಬಲಗೈ ಎಡಗೈಗಿಂತ ಕಪ್ಪಗಿತ್ತು. ಏನೋ ಒಂಚೂರು ಕಪ್ಪು ಅಂದುಕೊಳ್ಳಬೇಡಿ, ಮೊಣಕೈಯಿಂದ ಬೆರಳ ತುದಿಯವರೆಗೆ ಬೇರೆ ಯಾರದೋ ಕೈ ತಂದು ಜೋಡಿಸಿದ ಹಾಗಿತ್ತು. ಹರೆಯದಿಂದಲೂ ಡ್ರೈವರ್ ಸೀಟಿನ ಕಿಟಕಿಯ ಮೇಲೆ ಆ ಕೈಯನ್ನು ಊರಿಕೊಂಡು ಬಸ್ಸು ಓಡಿಸಿದವರು, ಬಿಸಿಲು ಸುಮ್ಮನೆ ಬಿಡುತ್ತದೆಯೇ? ಚಿಕ್ಕವರಾಗಿದ್ದಾಗ ನಾವು, "ಓನರಣ್ಣ, ನಿಮ್ಗೆ ಯಾಕೆ ಎರಡು ಬಣ್ಣದ ಕೈ?" ಎಂದು ರೇಗಿಸಿದರೆ, "ಎಡಗೈ ನಮ್ಮವ್ವ ಕೊಟ್ಟಿದ್ದು, ಬಲಗೈ ಬಸ್ಸು ಕೊಟ್ಟಿದ್ದು ಕಣ್ರವ್ವ" ಎನ್ನುತ್ತಿದ್ದರು. ಬಸ್ಸು ಹೊರಡುವ ಮುಂಚೆ ಅದೇ ಕೈಯಿಂದ ಬಾಗಿಲ ತಗಡಿಗೆ ಪಟಪಟ ಎಂದು ತಟ್ಟುವುದು ಅವರ ಅಭ್ಯಾಸ. ಕಂಡಕ್ಟರು, ಅಂದರೆ ಅವರ ಭಾಮೈದ, ಎಷ್ಟು ವಿಸಿಲ್ ಊದಿದರೂ ಅಷ್ಟೇ, ಆ ತಟ್ಟು ಬೀಳದೆ ಬಸ್ಸು ಹೊರಡುತ್ತಿರಲಿಲ್ಲ.

ಓನರಣ್ಣ ಎಂದರೆ ಸಾಲುಸಾಲು ಬಸ್ಸುಗಳ ಯಜಮಾನರೆಂದು ತಿಳಿಯಬೇಡಿ. ಇದ್ದದ್ದು ಒಂದೇ ಬಸ್ಸು. ಓನರ್ರೂ ಅವರೇ, ಡ್ರೈವರ್ರೂ ಅವರೇ, ಪಂಕ್ಚರ್ ಆದರೆ ಅಡಿಗೆ ನುಗ್ಗುವವರೂ ಅವರೇ. ಕೆ.ಆರ್. ಪೇಟೆಯಿಂದ ಹೊರಟು, ಟಾರು ಕಿತ್ತುಹೋದ ಒಳರಸ್ತೆಗಳ ಹಳ್ಳಿಗಳನ್ನೆಲ್ಲ ಮುಟ್ಟಿಕೊಂಡು, ತೊಣ್ಣೂರು ಕೆರೆಯ ಆಚೆ ಇರುವ ನಮ್ಮೂರಿಗೆ ಬಂದು, ಪಾಂಡವಪುರದ ಮೇಲೆ ಶ್ರೀರಂಗಪಟ್ಟಣಕ್ಕೆ ಹೋಗುತ್ತಿತ್ತು. ಸರ್ಕಾರಿ ಬಸ್ಸು ಬೇಕೆಂದರೆ ಮೇನ್ ರೋಡಿಗೆ ನಡೆಯಬೇಕಿತ್ತು. ನಮ್ಮ ಕಡೆಯ ಹಳ್ಳಿಗಳಿಗೆ ಬಸ್ಸು ಅಂದರೆ ಅದೊಂದೇ.

ಆ ಬಸ್ಸಿಗೆ ಅದರದ್ದೇ ಕಟ್ಟಳೆಗಳಿದ್ದವು. ಪಾಂಡವಪುರದ ಹಾಸ್ಟೆಲಿನಲ್ಲಿರುವ ಮಗನಿಗೆ ಮುದ್ದೆ, ಉಪ್ಸಾರು ಕಟ್ಟಿ ಕಳಿಸುವ ತಾಯಿ ಕ್ಯಾರಿಯರ್ ಕೊಟ್ಟರೆ ಸಾಕು, ಯಾರಿಗೆ ಎಂದು ಕೇಳುತ್ತಿರಲಿಲ್ಲ, ಸಾಯಂಕಾಲ ತೊಳೆದ ಕ್ಯಾರಿಯರ್ ವಾಪಸು ಬರುತ್ತಿತ್ತು. ಡ್ರೈವರ್ ಹಿಂದಿನ ಸೀಟಿಗೆ ಬಾಣಂತಿ ಸೀಟು ಎಂದು ಹೆಸರು. ಬಸುರಿಯರು, ಹಸುಗೂಸಿನ ತಾಯಂದಿರು ಬಿಟ್ಟು ಬೇರೆ ಯಾರೂ ಅಲ್ಲಿ ಕೂರುವ ಹಾಗಿರಲಿಲ್ಲ. ಒಮ್ಮೆ ಪುಢಾರಿಯೊಬ್ಬ ಖಾದಿ ಷರಟು ಹಾಕಿಕೊಂಡು ಕೂತುಬಿಟ್ಟ. ಓನರಣ್ಣ ಎಂಜಿನ್ ಆಫ್ ಮಾಡಿ, ತಿರುಗಿ ನೋಡಿ, "ಯಾವಾಗ್ ಸ್ವಾಮಿ, ಎಷ್ಟ್ ತಿಂಗಳು?" ಎಂದು ಗಂಭೀರವಾಗಿ ಕೇಳಿದರು. ಇಡೀ ಬಸ್ಸು ಬಿದ್ದುಬಿದ್ದು ನಕ್ಕಿತು. ಆತ ಪಾಂಡವಪುರದವರೆಗೆ ನಿಂತೇ ಹೋದ.

ನಾನು ಓದಿದ್ದೂ ಅವರಿಂದಲೇ. ಎಸ್ಸೆಸ್ಸೆಲ್ಸಿ ಆದ ಮೇಲೆ ಅಪ್ಪ ಕಾಲೇಜು ಬೇಡ ಎಂದು ಹಟ ಹಿಡಿದಿದ್ದರು. ಓದಿಸಲು ಬೇಸರವಲ್ಲ, ಸಾಯಂಕಾಲ ಹೆಣ್ಣುಮಗಳು ಹೇಗೆ ಬರುತ್ತಾಳೆ ಎಂಬ ಭಯ. ಅವ್ವ ಬಸ್ಸಿನ ಹತ್ತಿರ ಹೋಗಿ ಕಣ್ಣೀರು ಹಾಕಿದ್ದಳು. ಓನರಣ್ಣ ಬಸ್ಸನ್ನು ಹಾಗೇ ನಿಲ್ಲಿಸಿ, ಜನ ಗೊಣಗುತ್ತಿದ್ದರೂ ಲೆಕ್ಕಿಸದೆ, ಸೀದಾ ನಮ್ಮ ಕೊಟ್ಟಿಗೆಗೆ ಬಂದರು. "ಲೇ, ಬೆಳಿಗ್ಗೆ ನಿನ್ ಮಗಳನ್ನ ಹತ್ತುಸ್ಕಂಡೋನು ಸಾಯಂಕಾಲ ನಿನ್ ಬಾಗಿಲಿಗೆ ಇಳಿಸ್ತೀನಿ ಕಣ್ಲಾ. ಒಂದಿನ ತಪ್ಪುದ್ರೆ ನನ್ ಬಸ್ಸಿಗೆ ಬೆಂಕಿ ಹಾಕು, ಹೋಗು" ಎಂದರು. ಅಪ್ಪ ಹುಲ್ಲು ಹಾಕುತ್ತಿದ್ದ ಕೈ ನಿಲ್ಲಿಸಿ ಅವರ ಮುಖ ನೋಡಿ, "ಆಯ್ತು ಬುಡಣ್ಣ" ಎಂದರು. ಅಷ್ಟೇ. ಇವತ್ತು ನಾನು ಶ್ರೀರಂಗಪಟ್ಟಣದ ಹೈಸ್ಕೂಲೊಂದರಲ್ಲಿ ಪಾಠ ಮಾಡುತ್ತಿದ್ದರೆ ಅದು ಆ ಕೊಟ್ಟಿಗೆಯ ಮಾತಿನಿಂದ. ಜಡೆ ಅರ್ಧ ಹೆಣೆದುಕೊಂಡು ಓಡಿಬಂದ ದಿನಗಳಿಗೆ ಲೆಕ್ಕವಿಲ್ಲ. "ಪೂರ್ತಿ ಹಾಕ್ಕಂಡೇ ಬಾರೆ ಕೂಸೆ, ಬಸ್ಸೇನು ಓಡೋಗದಾ" ಎಂದು ರೇಗುತ್ತಲೇ ಕಾಯುತ್ತಿದ್ದರು.

ನನ್ನನ್ನು ಕೊಟ್ಟಿದ್ದು ಅದೇ ರಸ್ತೆಯ ಮುಂದಿನ ಊರಿಗೆ. ಹೆರಿಗೆಯಾಗಿ ಮಗು ಎತ್ತಿಕೊಂಡು ತವರಿಗೆ ಬರುವಾಗ ನಾನೂ ಆ ಬಾಣಂತಿ ಸೀಟಿನಲ್ಲಿ ಕೂತೆ. ಗುಂಡಿ ಬಂದಲ್ಲೆಲ್ಲ ಬಸ್ಸನ್ನು ಎತ್ತಿನ ಗಾಡಿಯ ಹಾಗೆ ನಡೆಸಿದರು. ಹಿಂದಿನವರು ಕೂಗಾಡಿದ್ದಕ್ಕೆ, "ನಿಮ್ಮವ್ವದೀರೂ ಇಂಗೇ ಬಂದಿದ್ದು, ಸುಮ್ಕೆ ಕೂತ್ಕಳಿ" ಎಂದು ಗದರಿದರು.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಹೆಂಗಸರಿಗೆ ಬಸ್ಸು ಫ್ರೀ ಮಾಡಿದ್ದನ್ನು ಬೈಯುವವರ ಸಾಲಿಗೆ ನನ್ನನ್ನು ಸೇರಿಸಬೇಡಿ. ಅದು ಬಂದ ಮೇಲೆಯೇ ನಮ್ಮವ್ವ ಶ್ರೀರಂಗಪಟ್ಟಣದ ಪಕ್ಕದ ಕರಿಘಟ್ಟದ ಬೆಟ್ಟ ಹತ್ತಿದ್ದು. ಜನ್ಮದಲ್ಲಿ ಮೊದಲ ಸಲ ಅಪ್ಪನ ಮುಂದೆ ಕೈ ಚಾಚದೆ ಊರು ಬಿಟ್ಟವಳು ಅವಳು. ಮನೆಯಲ್ಲಿ ಕೂತು ಹೆಂಗಸರು ತಿರುಗಾಟ ಕಲಿತರು ಎನ್ನುವ ಗಂಡಸರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಓನರಣ್ಣ ಕೂಡ ಹಾಗೆ ಅನ್ನಲಿಲ್ಲ. "ಓಡಾಡ್ಲಿ ಬುಡವ್ವ, ಒಲೆ ಮುಂದೆ ಕೂತು ಕೂತು ಸಾಕಾಗದೆ ಅವ್ಕೆ" ಎಂದೇ ಅಂದದ್ದು.

ಆದರೆ ಫ್ರೀ ಇದ್ದದ್ದು ಸರ್ಕಾರಿ ಬಸ್ಸಿನಲ್ಲಿ ಮಾತ್ರ. ಅಷ್ಟು ವರ್ಷ ನಮ್ಮ ರಸ್ತೆಯ ಕಡೆ ತಲೆ ಹಾಕದ ಸರ್ಕಾರಿ ಬಸ್ಸು ಜನ ಅರ್ಜಿ ಕೊಟ್ಟ ಮೇಲೆ ಬಂತು, ಬಂದದ್ದೂ ಓನರಣ್ಣನ ಬಸ್ಸಿಗಿಂತ ಸ್ವಲ್ಪ ಮುಂಚಿನ ಟೈಮಿಗೆ. ಅವರ ಬಸ್ಸಿನಲ್ಲಿ ಮುಕ್ಕಾಲುಪಾಲು ಹೆಂಗಸರೇ ತಾನೇ? ಗಂಡಸರಿಗೆ ಬೈಕಿದೆ. ಬಸ್ಸು ಖಾಲಿ ಹೊಡೆಯತೊಡಗಿತು. ಓನರಣ್ಣ ಬೇರೆ ಬಸ್ಸುಗಳವರ ಜೊತೆ ಸೇರಿ ಬೆಂಗಳೂರಿಗೆ ಹೋಗಿ ಮನವಿ ಕೊಟ್ಟು ಬಂದರು. ಹೆಂಗಸರನ್ನು ನಾವೂ ಟಿಕೆಟ್ಟಿಲ್ಲದೆ ಕರೆದೊಯ್ಯುತ್ತೇವೆ, ಸರ್ಕಾರಿ ಬಸ್ಸಿಗೆ ಕೊಡುವುದನ್ನು ನಮಗೂ ಕೊಡಿ, ಇಲ್ಲವೇ ತೆರಿಗೆಯನ್ನಾದರೂ ಇಳಿಸಿ ಎಂದು. ಏನಾಯಿತು ಎಂದು ಕೇಳಿದೆ. "ನೋಡ್ತೀವಿ ಅಂದವ್ರೆ. ನೋಡೋರು ನೋಡ್ತಾನೇ ಅವ್ರೆ, ಕಟ್ಟೋರು ಕಟ್ತಾನೇ ಅವ್ರೆ" ಎಂದರು.

ಆಗಿನ್ನೂ ಬಸ್ಸು ಪೂರ್ತಿ ಸತ್ತಿರಲಿಲ್ಲ. ಋಣ ಮರೆಯದ ಕೆಲವು ಹೆಂಗಸರು, ಕರಿಘಟ್ಟಕ್ಕೆ ಫ್ರೀಯಾಗಿ ಹೋಗಿಬಂದ ನಮ್ಮವ್ವನೂ ಸೇರಿದ ಹಾಗೆ, ದಿನದ ಓಡಾಟಕ್ಕೆ ಸರ್ಕಾರಿ ಬಸ್ಸನ್ನು ಬಿಟ್ಟು ಇವರದ್ದಕ್ಕೇ ಕಾದು, ಟಿಕೆಟ್ ತೆಗೆದುಕೊಂಡೇ ಹೋಗುತ್ತಿದ್ದರು. ಅದು ಓನರಣ್ಣನಿಗೆ ಕಸಿವಿಸಿ. ತಮ್ಮ ಮುಖ ನೋಡಿ ಈ ಬಡವರು ದುಡ್ಡು ಕಳೆದುಕೊಳ್ಳುತ್ತಿದ್ದಾರಲ್ಲ ಎಂದು. ಅದೇನು ಬುದ್ಧಿ ಬಂತೋ, ಒಂದು ಸೋಮವಾರ ಮುಂದಿನ ಗಾಜಿನ ಮೇಲೆ ದೊಡ್ಡದಾಗಿ ಬರೆಸಿಕೊಂಡು ಬಂದರು: 'ಅಕ್ಕತಂಗೇರಿಗೆ ಇಲ್ಲೂ ಫ್ರೀ'. ಹೆಂಗಸರು ತುಂಬಿಕೊಂಡರೆ ಜೊತೆಗೆ ಬರುವ ಗಂಡಸರ ಟಿಕೆಟ್ಟಿನಲ್ಲಿ ಡೀಸೆಲ್ ಖರ್ಚು ಹುಟ್ಟುತ್ತದೆ ಎಂಬುದು ಅವರ ಲೆಕ್ಕಾಚಾರ.

ಆ ಬೋರ್ಡೇ ಬಸ್ಸಿಗೆ ಮುಳುವಾಯಿತು. ರಜೆಗೆ ತವರಿಗೆ ಹೋಗಿದ್ದಾಗ ಅವ್ವನ ಜೊತೆ ಸಂತೆಗೆ ಹೊರಟು ಹಾಲಿನ ಡೇರಿಯ ಮುಂದೆ ನಿಂತಿದ್ದೆ. ಸರ್ಕಾರಿ ಬಸ್ಸು ಅವತ್ತು ಇನ್ನೂ ಬಂದಿರಲಿಲ್ಲ. ಓನರಣ್ಣನ ಹಾರ್ನು ಕೇಳಿಸಿತು. ನಿಂತಿದ್ದ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಡೇರಿಯ ಗೋಡೆಯ ಹಿಂದೆ ಸರಿದುಬಿಟ್ಟರು. ಅವ್ವ ನನ್ನ ಕೈ ಹಿಡಿದು ಎಳೆದಳು.

"ಬಾರೆ ಈ ಕಡೀಕೆ!"

"ಯಾಕವ್ವ, ಓನರಣ್ಣನ ಬಸ್ಸು ಕಣೆ."

"ಅದ್ಕೇ ಕಣೆ ಬಾ ಅಂದಿದ್ದು. ಸರ್ಕಾರದ್ದಾದ್ರೆ ಎಲ್ಲಾರ್ದು, ಹತ್ತುದ್ರೆ ನಾಚ್ಕೆ ಇಲ್ಲ. ಆ ವಯ್ಯನ ಬಸ್ಸಲ್ಲಿ ಬಿಟ್ಟಿ ಕೂತ್ಕಂಡು ಹೋಗಕ್ಕೆ ನಾವೇನು ಗತಿಗೆಟ್ಟೋರಾ? ದುಡ್ಡು ಕೊಟ್ರೆ ಈಸ್ಕಳಲ್ಲ. ಅವ್ನ ಅನ್ನ ಕಿತ್ಕಂಡು ಅವ್ನ ಬಸ್ಸಲ್ಲೇ ಕೂರೋದಾ?"

ಬಸ್ಸು ನಿಂತಿತು. ಯಾರೂ ಹತ್ತಲಿಲ್ಲ. ಅವರು ಹಾರ್ನ್ ಹೊಡೆದು ಕಾದರು. ಜಡೆ ಹೆಣೆದುಕೊಂಡು ಬರುವವರೆಗೆ ಕಾಯುತ್ತಿದ್ದ ಮನುಷ್ಯ, ಕಾಯುವುದೇನು ಹೊಸದಲ್ಲ. ಗೋಡೆಯ ಅಂಚಿನಲ್ಲಿ ಯಾರದೋ ಸೆರಗು ಹಾರುತ್ತಿದ್ದುದನ್ನು ನೋಡಿದರೆಂದು ಕಾಣುತ್ತದೆ. ತಲೆ ತಗ್ಗಿಸಿ, ಆ ಕಪ್ಪು ಕೈಯಿಂದ ತಗಡನ್ನು ತಟ್ಟಿ ಹೊರಟುಹೋದರು.

ತಡೆಯಲಾರದೆ ಆ ವಾರವೇ ಪಾಂಡವಪುರದ ಸ್ಟ್ಯಾಂಡಿಗೆ ಹೋಗಿ ಹೇಳಿದೆ: "ಓನರಣ್ಣ, ಆ ಬೋರ್ಡ್ ಅಳಿಸಿಬಿಡಿ. ನಿಮ್ಮ ಮೇಲಿನ ಸಿಟ್ಟಿಗಲ್ಲ, ನಾಚಿಕೆಗೆ ಯಾರೂ ಹತ್ತುತ್ತಿಲ್ಲ." ಅವರು ಟೀ ಲೋಟವನ್ನು ಬಾನೆಟ್ಟಿನ ಮೇಲಿಟ್ಟು ಆ ಗಾಜಿನ ಬರಹ ನೋಡಿದರು. "ಅಳಿಸುದ್ರೆ, ಕೊಟ್ಟು ಕಿತ್ಕಂಡ ಅಂತಾರೆ. ಇಟ್ರೆ ಹತ್ತಾಕಿಲ್ಲ. ಸಿಕ್ಕಾಕ್ಕಂಡೆ ಕಣವ್ವ" ಎಂದರು. ಆಮೇಲೆ ಮೆಲ್ಲಗೆ, "ತಮ್ ಮನೆ ಬಸ್ಸು ಅಂದ್ಕಂಡವ್ರೆ ಅಂತಿದ್ದೆ" ಎಂದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಮುಂದಿನ ತೆರಿಗೆಯ ಹೊತ್ತಿಗೆ ಪರ್ಮಿಟ್ಟನ್ನು ವಾಪಸು ಕೊಟ್ಟರು. ಬಸ್ಸು ಗುಜರಿಗೆ ಹೋಯಿತು. ಬಾಣಂತಿ ಸೀಟನ್ನು ಮಾತ್ರ ಬಿಚ್ಚಿಸಿಕೊಂಡು ಹೋಗಿ ಹೊಸಹೊಳಲಿನ ಹತ್ತಿರದ ತಮ್ಮೂರಿನ ಮನೆಯ ಜಗಲಿಯ ಮೇಲೆ ಹಾಕಿಕೊಂಡರಂತೆ. ಅದರ ಮೇಲೂ ತಾವು ಕೂರುತ್ತಿರಲಿಲ್ಲವಂತೆ, ಪಕ್ಕದಲ್ಲಿ ಚಾಪೆ ಹಾಸಿಕೊಂಡು ಕೂರುವುದು.

ಸರ್ಕಾರಿ ಬಸ್ಸಿನ ಕಥೆ ಹೇಳುತ್ತೇನೆ. ಬೆಳಿಗ್ಗೆ ಬರುತ್ತದೆ. ಸಾಯಂಕಾಲದ್ದು ಒಂದು ದಿನ ಬಂದರೆ ಒಂದು ದಿನ ಇಲ್ಲ. ಕೇಳಿದರೆ ಗಾಡಿ ಕಮ್ಮಿ, ಡ್ರೈವರ್ ಕಮ್ಮಿ. ಪಾಪ, ಆ ಕಂಡಕ್ಟರನನ್ನು ಬೈದು ಏನು ಬಂತು? ಹೋದ ವರ್ಷ ಅವ್ವನ ಮನೆಯ ಪಕ್ಕದ ಹುಡುಗಿಯನ್ನು ಕಾಲೇಜು ಬಿಡಿಸಿದರು. ಬಸ್ಸು ಫ್ರೀ, ಬಂದರೆ ತಾನೇ? ಅವಳ ಅಪ್ಪನಿಗೆ ಬುದ್ಧಿ ಹೇಳಲು ಹೋದೆ. ಓದಿನ ಮಹತ್ವ ಗಿಹತ್ವ ಎಲ್ಲ ಹೇಳಿದೆ, ನಾನು ಟೀಚರಲ್ಲವೇ. ಅವನು ಎಲ್ಲ ಕೇಳಿಸಿಕೊಂಡು, "ಸರಿ ಅಕ್ಕ. ಸಾಯಂಕಾಲ ಅವಳ್ನ ಮನೆಗೆ ತಂದು ಬುಡೋರ್ಯಾರು, ನೀವಾ?" ಎಂದ. ಅವತ್ತು ನಮ್ಮ ಕೊಟ್ಟಿಗೆಯಲ್ಲಿ ನಿಂತು ಓನರಣ್ಣ 'ನಾನು ಇಳಿಸ್ತೀನಿ' ಅಂದಿದ್ದ ಮಾತಿನ ತೂಕ ಆಗ ತಿಳಿಯಿತು.

ಈ ಬೇಸಿಗೆಯಲ್ಲಿ ಓನರಣ್ಣ ಹೋದರು. ಎದೆ ನೋವು ಅಂದು ಮಲಗಿದವರು ಏಳಲಿಲ್ಲವಂತೆ. ಸುದ್ದಿ ಬಂದ ಕೂಡಲೇ ನಮ್ಮ ಹಳ್ಳಿಗಳ ಹೆಂಗಸರೆಲ್ಲ ಹೊರಟರು. ಹೊರಟದ್ದು ಯಾವುದರಲ್ಲಿ? ಅದೇ ಫ್ರೀ ಬಸ್ಸಿನಲ್ಲಿ. ಕಂಡಕ್ಟರು ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಡುತ್ತಿದ್ದರೆ ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅಂಗಳದಲ್ಲಿ ಮಲಗಿಸಿದ್ದರು. ಜಗಲಿಯ ಮೇಲೆ ಆ ಸೀಟು ಖಾಲಿ ಇತ್ತು. ಅಷ್ಟು ಜನ ಸೇರಿದ್ದರೂ ಯಾರೂ ಅದರ ಮೇಲೆ ಕೂತಿರಲಿಲ್ಲ. ಅವ್ವ ಹತ್ತಿರ ಹೋಗಿ ಅವರ ಬಲಗೈ ಹಿಡಿದುಕೊಂಡಳು, ಆಮೇಲೆ ಎಡಗೈ. ಮತ್ತೆ ಬಲಗೈ ನೋಡಿದಳು. ನಾನೂ ನೋಡಿದೆ. ಎದೆಯ ಮೇಲೆ ಜೋಡಿಸಿದ್ದ ಎರಡು ಕೈಗಳಲ್ಲಿ ಬಸ್ಸಿನದು ಯಾವುದು, ಅವರ ಅವ್ವ ಕೊಟ್ಟದ್ದು ಯಾವುದು ಎಂದು ಹೇಳುವ ಹಾಗೇ ಇರಲಿಲ್ಲ. ಎರಡೂ ಒಂದೇ ಬಣ್ಣಕ್ಕೆ ಬಂದಿದ್ದವು.

"ಅಯ್ಯೋ ಅಣ್ಣಯ್ಯ, ಬಿಸಿಲಲ್ಲಿ ಬದುಕ್ದೋನ್ನ ನೆರಳಲ್ಲಿ ಕೂರ್ಸಿ ಸಾಯಿಸ್ಬುಟ್ವಲ್ಲೋ" ಎಂದು ಅವ್ವ ಹಣೆ ಚಚ್ಚಿಕೊಂಡಳು.

ಆಚೆ ರಸ್ತೆಯಲ್ಲಿ ವಾಪಸು ಹೋಗುವ ಬಸ್ಸು ಹಾರ್ನ್ ಹೊಡೆಯಿತು. ನಾವ್ಯಾರೂ ಏಳಲಿಲ್ಲ. ಅದು ಕಾಯದೆ ಹೊರಟುಹೋಯಿತು.